ಯುದ್ಧ ಮುಗಿದ ಮೇಲಿನ ಫೋಟೋ

ನಮ್ಮ ತಾತ 1971ರ ಯುದ್ಧದಲ್ಲಿದ್ದರು. ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ ಸ್ಯಾಪರ್, ಅಂದರೆ ಸೈನ್ಯಕ್ಕೆ ದಾರಿ, ಸೇತುವೆ ಮಾಡಿಕೊಡುವ ಸೈನಿಕ. ಹಲಸೂರು ಕೆರೆ ಹತ್ತಿರದ ಸೆಂಟರ್‌ನಲ್ಲಿ ಟ್ರೈನಿಂಗ್ ಮುಗಿಸಿ ಹೋದವರು. ಅವರ ಕಪ್ಪು ಟ್ರಂಕಿನಲ್ಲಿದ್ದ ಫೋಟೋಗಳನ್ನು ಸ್ಕ್ಯಾನ್ ಮಾಡಿಸೋಣ ಅಂತ ಮೊನ್ನೆ ಭಾನುವಾರ ಅಜ್ಜಿ ಮುಂದೆ ಹರಡಿಕೊಂಡು ಕೂತೆ.

ಸ್ಟುಡಿಯೋದಲ್ಲಿ ತೆಗೆಸಿದ್ದು, ಟ್ರೈನಿಂಗ್ ಗ್ರೂಪ್ ಫೋಟೋ, ಯಾರದೋ ಮದುವೆ. ಇವೆಲ್ಲ ಬೇಗ ಮುಗಿದವು. ನನಗೆ ಬೇಕಿದ್ದದ್ದು ಒಂದೇ. ಸುಟ್ಟು ನಿಂತ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್ ಪಕ್ಕ ತಾತ ಮತ್ತು ಜೊತೆಗಾರರು. ಚಿಕ್ಕಂದಿನಿಂದ ಅದನ್ನೇ ಯುದ್ಧದ ಫೋಟೋ ಅಂತ ಎಲ್ಲರಿಗೂ ತೋರಿಸಿದ್ದೇನೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಯುದ್ಧದ್ದಲ್ಲ ಕಣೇ. ಆಮೇಲಿಂದು. ಸ್ವೆಟರ್ ನೋಡು."

ಕೋಟಿನ ಗುಂಡಿ ಬಿಚ್ಚಿದ ಕಡೆ ಜಡೆ ಹೆಣಿಗೆಯ ಸ್ವೆಟರ್ ಇಣುಕುತ್ತಿತ್ತು. ಅಜ್ಜಿ ಹೆಣೆದು ಪಾರ್ಸಲ್ ಮಾಡಿದ್ದು. ಅದು ತಾತನ ಕೈ ಸೇರಿದ್ದು ಸಂಕ್ರಾಂತಿ ಆದ ಮೇಲೆ. ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ, ಕದನ ವಿರಾಮ 17ಕ್ಕೆ. ಆ ನಡುವಿನ ಒಂದು ಫೋಟೋನೂ ಟ್ರಂಕಿನಲ್ಲಿಲ್ಲ.

ಇರುವುದಾದರೂ ಹೇಗೆ? ತಾತ ಇದ್ದದ್ದು ಪಾಕಿಸ್ತಾನದ ಶಕರ್‌ಗಢ ಕಡೆ, ಬಸಂತರ್ ನದಿಯ ಹತ್ತಿರ. ಅಲ್ಲಿ ಅವರ ಕೆಲಸವೆಲ್ಲ ಕತ್ತಲಲ್ಲಿ. ಶತ್ರುಗಳು ನೆಲದಲ್ಲಿ ಹೂತಿಟ್ಟ, ಭಾರ ಬಿದ್ದರೆ ಸಿಡಿಯುವ ಮೈನ್‌ಗಳನ್ನು ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಬೇಕು. ಹೊಟ್ಟೆ ಮೇಲೆ ಮಲಗಿ, ಸಲಾಕೆಯನ್ನು ಓರೆಯಾಗಿ ಹಿಡಿದು, ಮಣ್ಣನ್ನು ಮೆಲ್ಲಗೆ ಚುಚ್ಚುತ್ತಾ ಹೋಗುವುದು. ನೇರ ಚುಚ್ಚಿದರೆ ಮೈನ್‌ನ ನೆತ್ತಿಗೇ ತಾಗುತ್ತದೆ. ಚಳಿಗೆ ಬೆರಳು ಮರಗಟ್ಟಿದಾಗ ಬಾಯಲ್ಲಿಟ್ಟುಕೊಂಡು ಬಿಸಿ ಮಾಡ್ತಿದ್ವಿ ಅಂತ ತಾತ ಹೇಳುತ್ತಿದ್ದರು. ಅದಕ್ಕಿಂತ ಜಾಸ್ತಿ ಹೇಳುತ್ತಿರಲಿಲ್ಲ.

ಡಿಸೆಂಬರ್ 15ರ ರಾತ್ರಿ ಅಲ್ಲಿ ದಾರಿ ಅರ್ಧ ಮಾತ್ರ ಆಗಿತ್ತು. ಆ ಕಡೆಯಿಂದ ಶತ್ರುಗಳ ಟ್ಯಾಂಕ್ ಬರುವ ಸುಳಿವು ಸಿಕ್ಕಿತು. ನಮ್ಮ ಪೂನಾ ಹಾರ್ಸ್ ಟ್ಯಾಂಕ್ ರೆಜಿಮೆಂಟ್ ಕಾಯದೆ, ಇನ್ನೂ ತೆರವಾಗದ ಮೈನ್‌ಗಳ ನಡುವೆಯೇ ನುಗ್ಗಿತು. ಮರುದಿನದ ಕಾಳಗದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಪ್ರಾಣ ಕೊಟ್ಟರು. ವಯಸ್ಸು 21. ಪರಮವೀರ ಚಕ್ರ ಬಂತು. ಅವರ ಹೆಸರು ಬಂದಾಗಲೆಲ್ಲ ತಾತ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು.

"ಯುದ್ಧ ಮುಗೀತು ಅಂತ ರೇಡಿಯೋದಲ್ಲಿ ಹೇಳಿದ್ರು. ಊರಲ್ಲಿ ಪಟಾಕಿ ಹೊಡೆದ್ರು. ಇವರು ಮಾತ್ರ ಬರ್ಲಿಲ್ಲ," ಅಂದರು ಅಜ್ಜಿ. ಶಕರ್‌ಗಢದ ನೆಲ 1972ರ ಕೊನೆಯವರೆಗೂ ನಮ್ಮ ಸೈನ್ಯದ ಕೈಯಲ್ಲೇ ಇತ್ತು. ಗುಂಡು ನಿಂತರೂ ಮಣ್ಣೊಳಗಿನ ಮೈನ್ ಸುಮ್ನಿರುತ್ತಾ? ಅವನ್ನು ತೆಗೆಯುವ ಕೆಲಸ ನಡೆದೇ ಇತ್ತು. ಅಜ್ಜಿಗೆ ಜಾಸ್ತಿ ಭಯವಾದದ್ದು ಆ ತಿಂಗಳುಗಳಲ್ಲೇ. ನಮ್ಮ ಮನೆಯಲ್ಲಿ ಇದನ್ನು ಯಾರೂ ಅವರನ್ನು ಕೇಳಿರಲಿಲ್ಲ.

ಆಗಲೇ ಅವರು ಪಟ್ಟಣಕ್ಕೆ ಹೋಗಿ, ಕೂಸಾಗಿದ್ದ ನಮ್ಮಪ್ಪನನ್ನು ತೊಡೆ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿ 56 ಎಪಿಒ ಅನ್ನುವ ಸೈನ್ಯದ ಅಂಚೆ ವಿಳಾಸಕ್ಕೆ ಕಳಿಸಿದ್ದು. ಆ ಫೋಟೋನೂ ಟ್ರಂಕಿನಲ್ಲಿದೆ. ನಡುವೆ ಮಡಿಕೆ ಬಿದ್ದು ಅಜ್ಜಿಯ ಒಂದು ಕಣ್ಣು ಅಳಿಸಿಹೋಗಿದೆ. ಹಿಂದುಗಡೆ ಬೆವರಿನ ಕಲೆ. ತಾತ ಅದನ್ನು ಜೇಬಲ್ಲಿಟ್ಟುಕೊಂಡೇ ಓಡಾಡಿದ್ದರು.

ಈಗ ಒಂದೊಂದು ಫೋಟೋದ ಹಿಂದೆಯೂ ಪೆನ್ಸಿಲ್‌ನಲ್ಲಿ ಅಜ್ಜಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಗ್ರೂಪ್ ಫೋಟೋದಲ್ಲಿ ಅವರಿಗೆ ಗೊತ್ತಿರುವುದು ಇಬ್ಬರ ಹೆಸರು. ಉಳಿದವರನ್ನು ಗುರುತು ಹಿಡಿಯಬಲ್ಲ ತಾತನ ಗೆಳೆಯರೊಬ್ಬರು ಕೋಲಾರದಲ್ಲಿದ್ದಾರೆ. ಮುಂದಿನ ವಾರ ಅಜ್ಜಿಯನ್ನೂ ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇವೆ.