ಡೈರಿಯ ಕೊನೇ ಪುಟ

ಸಂಜೆ ಓಪಿಡಿ ಮುಗಿಯಿತು. ಶಿರಸಿಯಲ್ಲಿ ಇವತ್ತೂ ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಡೈರಿಯ ಕೊನೇ ಪುಟ ತೆಗೆದೆ. ಎಷ್ಟು ದುಡ್ಡು ಕೂಡಿದರೆ ಕೆಲಸ ಬಿಡಬಹುದು ಅನ್ನೋ ನನ್ನ ಲೆಕ್ಕ ಇರೋದು ಅಲ್ಲೇ.

ಮನೆ ಖರ್ಚು ತಿಂಗಳಿಗೆ 60 ಸಾವಿರ, ವರ್ಷಕ್ಕೆ 7.2 ಲಕ್ಷ. ಅದರ 25 ಪಟ್ಟು, ಅಂದರೆ 1.8 ಕೋಟಿ ಕೂಡಿದರೆ ದುಡಿಯಲೇಬೇಕು ಅಂತಿಲ್ಲ ಅನ್ನುತ್ತಾರೆ. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಹಾಕಿದ ಲೆಕ್ಕದಿಂದ ಬಂದ ಮಾತಿದು. ಆದರೆ ಅದು ಅಲ್ಲಿನ ಮಾರುಕಟ್ಟೆಯದ್ದು, ಅದೂ 30 ವರ್ಷದ ನಿವೃತ್ತಿಗೆ. ನಾನು 50ನೇ ವಯಸ್ಸಿಗೇ ಕೆಲಸ ಬಿಡಬೇಕು ಅಂದರೆ ಸಾಲದು. ಹಾಗಾಗಿ 33 ಪಟ್ಟು ಬರೆದುಕೊಂಡಿದ್ದೇನೆ, ಸುಮಾರು 2.4 ಕೋಟಿ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು ವರ್ಷ. ಎಂಜಿನಿಯರ್ ಗೆಳೆಯರ ಪಿಎಫ್ ಬೆಳೆಯುತ್ತಿದ್ದಾಗ ನಾವು ವಾರ್ಡಿನಲ್ಲಿದ್ದೆವು. ದುಡ್ಡು ಬೆಳೆಯೋಕೆ ಸಿಗುವ ವರ್ಷಗಳೇ ನಮಗೆ ಕಮ್ಮಿ ಅಲ್ವಾ?

ಇವತ್ತು ಬಿಪಿ ತೋರಿಸೋಕೆ ಒಬ್ಬ ಅಜ್ಜ ಬಂದಿದ್ದರು. ಬೆರಳ ಸಂದಿಯಲ್ಲಿ ಮೈಲುತುತ್ತದ ನೀಲಿ ಇನ್ನೂ ಇತ್ತು. ಎಪ್ಪತ್ತು ದಾಟಿದರೂ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವಾಗ ಅವರೇ ನಿಲ್ಲಬೇಕು. ಹೋಗುವಾಗ ಒದ್ದೆ ಕೊಡೆ ಬಿಡಿಸುತ್ತ ಕೇಳಿದರು, "ಮುಂದಿನ ತಿಂಗಳೂ ನೀವೇ ಇರ್ತೀರಲ್ಲ, ಡಾಕ್ಟ್ರೇ?"

ಇರ್ತೇನೆ ಅಂದೆ.

ನನಗೆ ಸಾಕಾಗಿರೋದು ರಾತ್ರಿ ಡ್ಯೂಟಿ. ಬೆಳಗಿನ ಓಪಿಡಿ ಇಟ್ಟುಕೊಂಡು, ಅರ್ಧ ಖರ್ಚು ಅದರಿಂದಲೇ ಬಂದರೆ? ಆಗ 1.2 ಕೋಟಿ ಸಾಕು. ಪೆನ್ಸಿಲಲ್ಲಿ ಪಕ್ಕಕ್ಕೆ ಬರೆದಿಟ್ಟೆ.