ಹನ್ನೊಂದನೇ ದಿನಕ್ಕೆ ನಿಲ್ಲದ ಮಗ

"ಪ್ರಾಣಭಯ ಇದೆ ಅಂತೀರಿ. ಹಾಗಿದ್ದರೆ ಮತ್ತೆ ಯಾಕೆ ಊರಿಗೆ ಹೋದಿರಿ?"

"ಅಮ್ಮ ತೀರಿಕೊಂಡಿದ್ದರು. ನಾನೊಬ್ಬನೇ ಮಗ."

"ಅಲ್ಲಿದ್ದಾಗ ಯಾರಾದರೂ ನಿಮ್ಮನ್ನು ಹುಡುಕಿಕೊಂಡು ಬಂದರಾ?"

"ಇಲ್ಲ. ನಾನು ಮನೆಯಲ್ಲಿ ಮಲಗಲಿಲ್ಲ."

ಈ ವಾರವೆಲ್ಲ ಈ ನಾಲ್ಕು ಮಾತು ನನ್ನ ತಲೆಯಿಂದ ಹೋಗಿಲ್ಲ. ಆಕ್ಲೆಂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಅಣ್ಣ ಇಲ್ಲಿ ಆಶ್ರಯ ಕೇಳಿ ಅರ್ಜಿ ಹಾಕಿದ್ದಾರೆ. ಅದರ ಸಂದರ್ಶನದ ವರದಿಯಲ್ಲಿ ಇದ್ದವು ಇವು. ಇಂಗ್ಲಿಷ್ ಓದಲು ಸಹಾಯ ಬೇಕು ಅಂತ ಭಾನುವಾರ ಕಾಗದಗಳನ್ನು ಹಿಡಿದುಕೊಂಡು ಬಂದಿದ್ದರು. ಯಾವ ದೇಶದವರು ಅಂತ ಬರೆಯುವುದಿಲ್ಲ. ಆಶ್ರಯ ಕೇಳಿದವರ ಗುರುತು ಗುಟ್ಟಾಗಿರಬೇಕು ಅಂತ ಇಲ್ಲಿಯ ಕಾನೂನೇ ಹೇಳುತ್ತದೆ. ಅವರನ್ನು ಕೇಳಿಯೇ, ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ನ್ಯೂಜಿಲೆಂಡಿನಲ್ಲಿ ಆಶ್ರಯದ ಅರ್ಜಿಯ ವಿಚಾರಣೆ ನಡೆಯುವುದು 2009ರ ವಲಸೆ ಕಾಯ್ದೆಯ ಪ್ರಕಾರ. ಅರ್ಜಿದಾರ ತನ್ನ ಕಥೆಯನ್ನು ಬರೆದುಕೊಡಬೇಕು. ಆಮೇಲೆ ಅಧಿಕಾರಿಯೊಬ್ಬರು ಎದುರು ಕೂರಿಸಿ ಗಂಟೆಗಟ್ಟಲೆ ಕೇಳುತ್ತಾರೆ. ಪಕ್ಕದಲ್ಲಿ ದುಭಾಷಿ, ವಕೀಲರು. ನಂತರ ವರದಿ ಬರುತ್ತದೆ, ಅದಕ್ಕೆ ಉತ್ತರ ಕೊಡಬಹುದು. ತೀರ್ಮಾನ ಅದಾದ ಮೇಲೆ.

ಅಧಿಕಾರಿ ಒಂದೇ ಪ್ರಶ್ನೆ ನೋಡಿ ಮುಗಿಸುವ ಹಾಗಿಲ್ಲ. ಮೊದಲು, 1951ರ ನಿರಾಶ್ರಿತರ ಒಪ್ಪಂದ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು ಅಥವಾ ಯಾವುದೋ ಸಾಮಾಜಿಕ ಗುಂಪಿಗೆ ಸೇರಿದವರು ಅನ್ನುವ ಕಾರಣಕ್ಕೆ ಹಿಂಸೆ ಆಗುತ್ತದಾ? ಅದಕ್ಕೆ ಹೊಂದದಿದ್ದರೆ, ವಾಪಸ್ ಹೋದರೆ ಚಿತ್ರಹಿಂಸೆಯ ಅಪಾಯ ಇದೆಯಾ? ಅದೂ ಇಲ್ಲದಿದ್ದರೆ, ಅನ್ಯಾಯವಾಗಿ ಜೀವ ಹೋಗುವ, ಕ್ರೂರವಾಗಿ ನಡೆಸಿಕೊಳ್ಳುವ ಅಪಾಯ ಇದೆಯಾ? ಕೊನೆಯ ಎರಡರಲ್ಲಿ ಯಾವುದಕ್ಕಾದರೂ ಹೌದು ಅಂತಾದರೆ ಆ ವ್ಯಕ್ತಿ 'ರಕ್ಷಿತ ವ್ಯಕ್ತಿ'. ಹಿಂದೆ ಏನಾಯಿತು ಅನ್ನುವುದಕ್ಕಿಂತ, ಈಗ ಕಳಿಸಿದರೆ ಮುಂದೆ ಏನಾಗಬಹುದು ಅನ್ನುವುದೇ ಮುಖ್ಯ. ಆ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇರಲೇಬೇಕು ಅಂತಿಲ್ಲ. ನಿಜವಾದದ್ದಾಗಿದ್ದರೆ ಸಾಕು. ನನಗೆ ಇದು ತುಂಬಾ ಮಾನವೀಯವಾದ ಅಳತೆ ಅನ್ನಿಸಿತು.

ಆದರೆ ಎಲ್ಲ ನಿಂತಿರುವುದು ಹೇಳಿದ್ದನ್ನು ನಂಬುತ್ತಾರಾ ಅನ್ನುವುದರ ಮೇಲೆ. ತಪ್ಪಿಸಿಕೊಂಡು ಬಂದವನು ಮತ್ತೆ ಅದೇ ಊರಿಗೆ ಹೋದರೆ, ಭಯ ನಿಜವಾ ಅಂತ ಯಾರಿಗಾದರೂ ಅನುಮಾನ ಬರುತ್ತದೆ. ಅಧಿಕಾರಿ ಕೇಳಿದ್ದು ತಪ್ಪಲ್ಲ. ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡು ಅರ್ಜಿ ತಿರಸ್ಕರಿಸಿದ್ದರೆ ತಪ್ಪಾಗುತ್ತಿತ್ತು.

ಆ ಕೊನೆಯ ಉತ್ತರ ನೋಡಿ. ಮನೆಯಲ್ಲಿ ಮಲಗಲಿಲ್ಲ. ಅಷ್ಟೇ. ಅಧಿಕಾರಿ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು. ನನಗೆ ಮಾತ್ರ ಅಲ್ಲಿಂದ ಮುಂದೆ ಓದಲಾಗಲಿಲ್ಲ. ಅಮ್ಮನಿಗೆ ಕೊಳ್ಳಿ ಇಟ್ಟ ಮಗ ಸೂತಕದ ಮನೆಯಲ್ಲಿ ಮಲಗಲಿಲ್ಲ ಅಂದರೆ ಏನು? ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು. ಸ್ಮಶಾನದಿಂದ ನೇರ ಬೇರೆ ಊರಿನ ಸ್ನೇಹಿತನ ಮನೆಗೆ ಹೋದರಂತೆ. ಹನ್ನೊಂದನೇ ದಿನದ ಕಾರ್ಯಕ್ಕೂ ನಿಲ್ಲಲಿಲ್ಲ. ಉಳಿದ ಕರ್ಮ ಮಾಡಿದ್ದು ಚಿಕ್ಕಪ್ಪ. ಇವರು ಅಷ್ಟರಲ್ಲಿ ವಿಮಾನ ಹತ್ತಿದ್ದರು.

ಭಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ನಮ್ಮಲ್ಲಿ ಯಾರಿಗೆ ಹೇಳಿದರೂ ತಕ್ಷಣ ಅರ್ಥವಾಗುತ್ತದೆ. ಅಧಿಕಾರಿಯ ಹತ್ತಿರ ಆ ದೇಶದ ಬಗ್ಗೆ ವರದಿಗಳಿವೆ. ಪೊಲೀಸರು, ಪಕ್ಷಗಳು, ಬಂಧನಗಳು ಎಲ್ಲ ಅದರಲ್ಲಿವೆ. ಹನ್ನೊಂದನೇ ದಿನ ಅಂದರೇನು ಅಂತ ಅದರಲ್ಲಿ ಯಾರು ಬರೆದಿರುತ್ತಾರೆ? ಇವರು ಯಾಕೆ ಹೇಳಲಿಲ್ಲ ಅಂದರೆ ನಾಚಿಕೆ. ಅಮ್ಮನ ಕಾರ್ಯ ಬಿಟ್ಟು ಓಡಿದವನು ಅಂತ ಹೊರಗಿನವರ ಮುಂದೆ ಹೇಗೆ ಹೇಳಲಿ ಅಂದರು.

ಮಂಗಳವಾರ ವಕೀಲರ ಹತ್ತಿರ ಹೋದೆವು. ಮಾತು ಸ್ವಲ್ಪ ಒರಟು, ಆದರೆ ತಲೆ ಚುರುಕು. ಎಲ್ಲ ಕೇಳಿದ ಮೇಲೆ ಇವರು "ಅದನ್ನೆಲ್ಲ ಬರೀಬೇಕಾ?" ಅಂದರು. ಆಕೆ "ಅದನ್ನೇ ಬರೀಬೇಕು" ಅಂದರು. ಚಿಕ್ಕಪ್ಪನಿಂದಲೂ ಪುರೋಹಿತರಿಂದಲೂ ಪತ್ರ ತರಿಸಲು ಹೇಳಿದರು. ಆ ವಕೀಲೆಯ ಬಗ್ಗೆ ನನಗೆ ಬಹಳ ಗೌರವ ಬಂತು.

ಗೌರವ ಬರದಿದ್ದು ನಮ್ಮವರ ಬಗ್ಗೆ. ಇಲ್ಲಿಯ ಪರಿಚಯದವರೊಬ್ಬರು ಕಳೆದ ವಾರ ಊಟಕ್ಕೆ ಬಂದಿದ್ದಾಗ, ಈ ಆಶ್ರಯದ ಅರ್ಜಿಗಳೆಲ್ಲ ವೀಸಾಕ್ಕೆ ಕಟ್ಟುವ ಕಥೆ ಅಂದುಬಿಟ್ಟರು. ಕಟ್ಟುವವರೂ ಇರಬಹುದು. ಅದನ್ನು ಬೇರೆ ಮಾಡಲೆಂದೇ ಅಲ್ವಾ ಇಷ್ಟು ವಿಚಾರಣೆ? ಒಂದು ಪುಟವನ್ನೂ ಓದದೆ ತೀರ್ಪು ಕೊಡಲು ನಮಗೇನು ಹಕ್ಕು?

ನನ್ನೂರು ಪಿರಿಯಾಪಟ್ಟಣದ ಕಡೆ. ಪಕ್ಕದಲ್ಲೇ ಬೈಲಕುಪ್ಪೆ. 1960ರ ಹೊತ್ತಿಗೆ ಬಂದ ಟಿಬೆಟಿನವರಿಗೆ ಸರ್ಕಾರ ಒಟ್ಟಾಗಿ ಜಾಗ ಕೊಟ್ಟಿತು. ಒಬ್ಬೊಬ್ಬರೂ ತಮ್ಮ ಭಯ ನಿಜ ಅಂತ ಹೀಗೆ ಸಾಬೀತು ಮಾಡಬೇಕಾಗಿರಲಿಲ್ಲ. ಭಾರತ 1951ರ ಒಪ್ಪಂದಕ್ಕೆ ಇವತ್ತಿಗೂ ಸೇರಿಲ್ಲ. ಅಲ್ಲಿ ಸರ್ಕಾರದ ಮನಸ್ಸು ದೊಡ್ಡದಾಗಿತ್ತು, ಒಳ್ಳೆಯದೇ ಆಯಿತು. ಆದರೆ ಮನಸ್ಸು ಬದಲಾದರೆ? ಅದಕ್ಕೇ ನನಗೆ ಕಾನೂನೂ ಬೇಕು, ಎದುರು ಕೂತು ಕೇಳುವವರೂ ಬೇಕು, ಉತ್ತರ ಕೊಡುವ ಅವಕಾಶವೂ ಬೇಕು.

ಅಣ್ಣನ ಉತ್ತರ ಮುಂದಿನ ವಾರ ಹೋಗುತ್ತದೆ. ತಿರಸ್ಕಾರವಾದರೆ ವಲಸೆ ಮತ್ತು ರಕ್ಷಣಾ ನ್ಯಾಯಮಂಡಳಿಗೆ ಮೇಲ್ಮನವಿ. ಅದಕ್ಕೆ ಸಿಗುವುದು ಹತ್ತು ಕೆಲಸದ ದಿನ ಮಾತ್ರ. ಹಾಗಾಗಿ ಪುರೋಹಿತರ ಪತ್ರ ಬೇಗ ಕಳಿಸಿ ಅಂತ ಚಿಕ್ಕಪ್ಪನಿಗೆ ನಿನ್ನೆಯೇ ಫೋನ್ ಮಾಡಿಸಿದೆ.