ಸಂಸದೀಯ ಸಮಿತಿಗೆ ಮನವಿ ಬರೆಯುವ ಮೊದಲು

ಉಡುಪಿ ಕಡೆ ಚುನಾವಣೆ ಹತ್ತಿರ ಬಂತೆಂದರೆ ಗಲ್ಫ್‌ನಲ್ಲಿರುವವರ ಮನೆಯವರಿಂದ ಒಂದೇ ಪ್ರಶ್ನೆ: ಅಲ್ಲಿಂದಲೇ ಓಟು ಹಾಕಬಹುದಾ? ಆಗುವುದಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ಎ ಕಲಮಿನಂತೆ, ನಮೂನೆ 6ಎ ತುಂಬಿ ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸಕ್ಕೆ ಹೆಸರು ಸೇರಿಸಬಹುದು. ಮತದಾನಕ್ಕೆ ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಆ ಮತಗಟ್ಟೆಗೇ ಬರಬೇಕು. ಪ್ರತಿನಿಧಿಯ ಮೂಲಕ ಮತ ಹಾಕಿಸುವ ಮಸೂದೆ 2018ರ ಆಗಸ್ಟ್‌ನಲ್ಲಿ ಲೋಕಸಭೆ ದಾಟಿತ್ತು. ರಾಜ್ಯಸಭೆ ದಾಟುವ ಮೊದಲೇ ಲೋಕಸಭೆ ವಿಸರ್ಜನೆಯಾಗಿ ಬಿದ್ದುಹೋಯಿತು.

ಇದನ್ನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ), ತಹಶೀಲ್ದಾರರು ಸರಿಪಡಿಸಲಾರರು. ಕಾಯ್ದೆಯೇ ಬದಲಾಗಬೇಕು. ಅಂಥ ಮಾತನ್ನು ಒಯ್ಯಬೇಕಾದ್ದು ಸಿಬ್ಬಂದಿ, ಸಾರ್ವಜನಿಕ ಕುಂದುಕೊರತೆ, ಕಾನೂನು ಮತ್ತು ನ್ಯಾಯ ಖಾತೆಗಳ ಮೇಲಿನ ಸಂಸದೀಯ ಸ್ಥಾಯಿ ಸಮಿತಿಗೆ: ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಪಟ್ಟಿಯಿಂದ ಹೆಸರು ಬಿಟ್ಟುಹೋದ ದೂರನ್ನು ಅಲ್ಲಿಗೆ ಕಳಿಸಿದರೆ ದಿನ ವ್ಯರ್ಥ. ಅದಕ್ಕೆ ಮತದಾರರ ನೋಂದಣಾಧಿಕಾರಿ ಇದ್ದಾರೆ. ಅವರ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅನಂತರ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ.

ಕಾಯ್ದೆಯ ತೊಡಕೋ, ನಿಯಮದ ತೊಡಕೋ ಎಂಬುದನ್ನೂ ಮೊದಲೇ ಬೇರ್ಪಡಿಸಿಕೊಳ್ಳಿ. 1960ರ ನೋಂದಣಿ ನಿಯಮ, 1961ರ ಚುನಾವಣೆ ನಡೆಸುವ ನಿಯಮಗಳನ್ನು ಕೇಂದ್ರ ಸರ್ಕಾರ ಅಧಿಸೂಚನೆಯಿಂದಲೇ ತಿದ್ದುತ್ತದೆ. 2024ರ ಡಿಸೆಂಬರ್‌ನಲ್ಲಿ ಚುನಾವಣಾ ಕಾಗದಪತ್ರಗಳ ಸಾರ್ವಜನಿಕ ಪರಿಶೀಲನೆಯ 93ನೇ ನಿಯಮ ಬದಲಾದದ್ದು ಹೀಗೆಯೇ. ಇಂಥವನ್ನು ನೋಡುವುದು ಎರಡೂ ಸದನಗಳ ಅಧೀನ ಶಾಸನ ಸಮಿತಿಗಳು.

ಸ್ಥಾಯಿ ಸಮಿತಿ ಸಲಹೆ ಕರೆದಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಗಡುವು ಚಿಕ್ಕದು; ಕರಡು ಮೊದಲೇ ಸಿದ್ಧವಿರಲಿ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು. ಕಲಮಿನ ಸಂಖ್ಯೆ, ಅದು ಮತಗಟ್ಟೆಯಲ್ಲಿ ಎಡವುವ ಜಾಗ, ಬದಲಿಗೆ ಬೇಕಾದ ವಾಕ್ಯ: ಇಷ್ಟು ಎರಡು ಪುಟದಲ್ಲಿ ಮುಗಿಯುತ್ತದೆ. ಬದಲಿ ವಾಕ್ಯವಿಲ್ಲದ ಮನವಿ ಬರೀ ಅಳಲು. ಕಳಿಸಿದ ಮನವಿ ಸಮಿತಿಯ ಗೋಪ್ಯ ದಾಖಲೆ, ವಾಟ್ಸಾಪ್‌ನಲ್ಲಿ ಹಂಚಬೇಡಿ.

ಸಮಿತಿಯ ಶಿಫಾರಸು ಕಾನೂನಲ್ಲ. 2023ರ ವರದಿ ಅಭ್ಯರ್ಥಿಯ ಕನಿಷ್ಠ ವಯಸ್ಸು 18ಕ್ಕೆ ಇಳಿಯಲಿ ಎಂದಿತು. ಲೋಕಸಭೆಗೆ ಸಂವಿಧಾನದ 84ನೇ ವಿಧಿಯ 25 ಹಾಗೇ ಇದೆ. ಎಲ್ಲ ಮಸೂದೆ ಸಮಿತಿಗೆ ಹೋಗುವುದೂ ಇಲ್ಲ. ಮತದಾರರ ಪಟ್ಟಿಗೆ ಆಧಾರ್ ಜೋಡಣೆಯ 2021ರ ತಿದ್ದುಪಡಿ ಡಿಸೆಂಬರ್ 20ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಅಂದೇ ಪಾಸಾಯಿತು, ಮರುದಿನ ರಾಜ್ಯಸಭೆಯಲ್ಲಿ. ಪ್ರತಿ ಮತದಾರನನ್ನೂ ಮುಟ್ಟುವ ಕಾಯ್ದೆಗೆ ಸಮಿತಿಯ ಪರಿಶೀಲನೆ ಬೇಕಿತ್ತು. ವರದಿ ಬಂದ ಮೇಲೆ ಅದರ ಕ್ರಮ ಕೈಗೊಂಡ ವರದಿಯನ್ನೂ ಓದಿ. ಸರ್ಕಾರ ಏನನ್ನು ಒಪ್ಪಿತು, ಏನನ್ನು ಬಿಟ್ಟಿತು ಎಂಬುದು ಅದರಲ್ಲೇ ಇರುವುದು.